ಬಣ್ಣವಿಲ್ಲದ ಗೇಮ್ ಬಾಯ್ ಗೆದ್ದದ್ದು ಹೇಗೆ?

ಹೊಸ ಗೇಮಿಂಗ್ ಕನ್ಸೋಲ್ ಬಂತು ಅಂದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಗ್ರಾಫಿಕ್ಸ್ ಹೇಗುಂಟು? 2024ರ ನವೆಂಬರಿನಲ್ಲಿ ಸೋನಿಯವರ ಪ್ಲೇಸ್ಟೇಷನ್ 5 ಪ್ರೊ ಬಂದಾಗಲೂ ಅದೇ ಪ್ರಶ್ನೆ, 2025ರ ಜೂನಿನಲ್ಲಿ ನಿಂಟೆಂಡೊ ಸ್ವಿಚ್ 2 ಬಂದಾಗಲೂ ಅದೇ. ನಾನೂ ಕೇಳುತ್ತೇನೆ, ಸುಳ್ಳು ಯಾಕೆ ಹೇಳಲಿ! ನೀರಿನ ಮೇಲೆ ಬಿಸಿಲು ಹೇಗೆ ಬಿದ್ದಿದೆ, ಗಾಳಿ ಬಂದರೆ ಹುಲ್ಲು ಅಲುಗಾಡುತ್ತದೆಯೇ ಎಂದು ವೀಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುವ ಜಾತಿಯವನೇ ನಾನೂ.

ಆದರೆ ಗೇಮ್‌ಗಳ ಚರಿತ್ರೆ ಓದುವಾಗ ಒಂದು ಘಟನೆ ಈ ಪ್ರಶ್ನೆಯನ್ನೇ ತಲೆಕೆಳಗು ಮಾಡುತ್ತದೆ. 1989ರಿಂದ 1991ರ ನಡುವೆ ಕೈಯಲ್ಲಿ ಹಿಡಿದು ಆಡುವ ನಾಲ್ಕು ಯಂತ್ರಗಳು ಒಂದರ ಹಿಂದೆ ಒಂದು ಅಂಗಡಿಗೆ ಬಂದವು. ಮೂರರಲ್ಲಿ ಬಣ್ಣದ ಪರದೆ, ಪರದೆಯ ಹಿಂದೆ ದೀಪ. ನಾಲ್ಕನೆಯದಕ್ಕೆ ಬಣ್ಣವೂ ಇಲ್ಲ, ದೀಪವೂ ಇಲ್ಲ. ಹಳದಿ ಹಸಿರು ಬಣ್ಣದ ಗಾಜಿನ ಮೇಲೆ ಪಾಚಿಯಂತೆ ಮಸುಕಾದ ಚಿತ್ರ, ಅಷ್ಟೆ. ಗೆದ್ದದ್ದು ಈ ನಾಲ್ಕನೆಯದು. ಅದೂ ಸ್ವಲ್ಪದರಲ್ಲಿ ಗೆದ್ದದ್ದಲ್ಲ, ಉಳಿದವರನ್ನು ಹೆಚ್ಚುಕಡಿಮೆ ಮೈದಾನದಿಂದಲೇ ಹೊರಗೆ ಕಳಿಸಿತು. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಜಪಾನಿನ ಕ್ಯೋಟೊ ನಗರದ ಒಂದು ಇಸ್ಪೀಟು ಕಾರ್ಖಾನೆಗೆ ಹೋಗಬೇಕು.

ಹೌದು, ಇಸ್ಪೀಟು ಕಾರ್ಖಾನೆಯೇ! ನಿಂಟೆಂಡೊ ಶುರುವಾದದ್ದು 1889ರಲ್ಲಿ. ಹೂಗಳ ಚಿತ್ರವಿರುವ ಹನಫುಡ ಎಂಬ ಎಲೆಗಳನ್ನು ಮಾಡಿ ಮಾರುವುದು ಅದರ ಕಸುಬಾಗಿತ್ತು. 1965ರಲ್ಲಿ ಅಲ್ಲಿಗೆ ಗುನ್‌ಪೇಯ್ ಯೊಕೊಯ್ ಎಂಬ ತರುಣ ಕೆಲಸಕ್ಕೆ ಸೇರಿದ. ಕ್ಯೋಟೊದವನೇ, ದೊಶಿಶ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಸಿಕ್ಕಿದ ಕೆಲಸ ಎಲೆ ತಯಾರಿಸುವ ಯಂತ್ರಗಳ ದೇಖರೇಖಿ. ಯಂತ್ರ ಕೆಡದಿದ್ದರೆ ಮಾಡಲು ಏನೂ ಇಲ್ಲ. ಹೊತ್ತು ಹೋಗದೆ ಆತ ಅಲ್ಲಿದ್ದ ಸಾಮಾನುಗಳಿಂದಲೇ ಒಂದು ಆಟಿಕೆ ಮಾಡಿಕೊಂಡ. ಕತ್ತರಿಯಂತೆ ಮಡಚಿಕೊಳ್ಳುವ ಪಟ್ಟಿಗಳು, ಹಿಡಿ ಅದುಮಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಕೈ. ಇದು ಧಣಿ ಹಿರೋಶಿ ಯಮೌಚಿಯವರ ಕಣ್ಣಿಗೆ ಬಿತ್ತು. ಬೈಗುಳ ಸಿಗುತ್ತದೆ ಅಂದುಕೊಂಡರೆ, ಇದನ್ನೇ ಮಾರುವ ವಸ್ತುವಾಗಿ ಮಾಡು ಎಂಬ ಅಪ್ಪಣೆಯಾಯಿತು! 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. ಯಂತ್ರ ರಿಪೇರಿಯವನು ಆಟಿಕೆ ರೂಪಿಸುವವನಾದ.

ಯೊಕೊಯ್ ಅವರ ಒಂದು ಮಾತು ಗೇಮ್ ಲೋಕದಲ್ಲಿ ತುಂಬ ಪ್ರಸಿದ್ಧ. ಜಪಾನೀ ಭಾಷೆಯಲ್ಲಿ ಅದರ ಅರ್ಥ ಹೆಚ್ಚುಕಡಿಮೆ 'ಒಣಗಿದ ತಂತ್ರಜ್ಞಾನವನ್ನು ಅಡ್ಡದಾರಿಯಲ್ಲಿ ಯೋಚಿಸಿ ಬಳಸುವುದು' ಅಂತ. ಇಂಗ್ಲಿಷಿನವರು ಇದನ್ನು ಬಾಡಿದ ತಂತ್ರಜ್ಞಾನ ಎಂದು ಅನುವಾದಿಸಿ, ಏನೋ ಹಳಸಿದ್ದು ಎನ್ನುವ ಹಾಗೆ ಮಾಡಿಬಿಟ್ಟಿದ್ದಾರೆ. ನಮ್ಮ ಬಡಗಿಗಳಿಗೆ ಹೇಳಿದರೆ ಸರಿಯಾಗಿ ಅರ್ಥವಾದೀತು. ಹಸಿ ಮರದಲ್ಲಿ ಬಾಗಿಲು ಮಾಡಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೊಟ್ಟಗಾಗುತ್ತದೆ. ಕೊಯ್ದು ವರ್ಷಗಟ್ಟಲೆ ಒಣಗಿಸಿದ ಮರ ಅಲುಗುವುದಿಲ್ಲ. ಹಾಗೆಯೇ ಹೊಸ ಚಿಪ್ಪು, ಹೊಸ ಪರದೆ ದುಬಾರಿ, ಅದರ ಕುಂದು ಕೊರತೆ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ನಾಲ್ಕಾರು ವರ್ಷ ಕಳೆದು ಎಲ್ಲರ ಕೈಯಲ್ಲಿ ಪಳಗಿದ ಮೇಲೆ ಅದೇ ವಸ್ತು ಅಗ್ಗವಾಗುತ್ತದೆ, ಅದರ ಗುಣವೂ ತಿಳಿದಿರುತ್ತದೆ. ಆಗ ಅದನ್ನು ಯಾರೂ ಯೋಚಿಸದ ಕಡೆ ಹಾಕು ಎನ್ನುವುದು ಯೊಕೊಯ್ ಲೆಕ್ಕಾಚಾರ.

ಇದನ್ನು ಆತ ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಕ್ಯಾಲ್ಕುಲೇಟರ್‌ನಿಂದ. 1970ರ ದಶಕದಲ್ಲಿ ಜಪಾನಿನ ಕಂಪನಿಗಳ ನಡುವೆ ಕ್ಯಾಲ್ಕುಲೇಟರ್ ಯುದ್ಧವೇ ನಡೆದು, ಎಲ್‌ಸಿಡಿ ಪರದೆಯೂ ಸಣ್ಣ ಚಿಪ್ಪುಗಳೂ ಮಣ್ಣಿನ ಬೆಲೆಗೆ ಇಳಿದಿದ್ದವು. ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ ಒಬ್ಬ ಉದ್ಯೋಗಸ್ಥ ಹೊತ್ತು ಕಳೆಯಲು ಕ್ಯಾಲ್ಕುಲೇಟರ್ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದದ್ದು ಯೊಕೊಯ್ ಕಣ್ಣಿಗೆ ಬಿತ್ತಂತೆ. ಅದರಿಂದ ಹುಟ್ಟಿದ್ದು 1980ರ 'ಗೇಮ್ ಅಂಡ್ ವಾಚ್'. ಕ್ಯಾಲ್ಕುಲೇಟರ್‌ನಲ್ಲಿ 8 ಎಂಬ ಅಂಕಿ ನೋಡಿ. ಏಳು ಸಣ್ಣ ಗೀಟುಗಳು ಗಾಜಿನೊಳಗೆ ಮೊದಲೇ ಉಂಟು. ಯಾವುದು ಕಪ್ಪಾಗಬೇಕು ಎನ್ನುವುದಷ್ಟೇ ಚಿಪ್ಪಿನ ತೀರ್ಮಾನ. ಯೊಕೊಯ್ ಗೀಟಿನ ಬದಲು ಪುಟ್ಟ ಮನುಷ್ಯನ ಕೈಕಾಲುಗಳನ್ನು ಹಾಕಿಸಿದರು. ಎಡಗೈ ಕಪ್ಪಾಯಿತು, ಬಲಗೈ ಕಪ್ಪಾಯಿತು, ಚೆಂಡು ಇಲ್ಲಿಂದ ಅಲ್ಲಿಗೆ ಹೋಯಿತು... ಆಟ ಆಯಿತು! ಒಂದು ಯಂತ್ರದಲ್ಲಿ ಒಂದೇ ಆಟ, ಜೊತೆಗೆ ಗಡಿಯಾರ. ಈ ಸರಣಿಯಲ್ಲಿ ಒಟ್ಟು 4 ಕೋಟಿ 34 ಲಕ್ಷ ಯಂತ್ರಗಳು ಮಾರಾಟವಾದವು.

ಅಂದಹಾಗೆ, ಇಂದು ಎಷ್ಟೋ ಕನ್ಸೋಲುಗಳ ಎಡಗಡೆ ಕಾಣುವ ಆ ಕೂಡಿಸುವ ಚಿಹ್ನೆಯಂಥ ಗುಂಡಿ ಇದೆಯಲ್ಲ, ಅದೂ ಈ ಸರಣಿಯದ್ದೇ. ಜಾಯ್‌ಸ್ಟಿಕ್ ಹಾಕಿದರೆ ಕಿಸೆಯಲ್ಲಿ ಹಿಡಿಸುವುದಿಲ್ಲ ಎಂಬ ತೊಂದರೆಗೆ 1982ರ 'ಡಾಂಕಿ ಕಾಂಗ್' ಗೇಮ್ ಅಂಡ್ ವಾಚ್‌ನಲ್ಲಿ ಯೊಕೊಯ್ ಕಂಡ ಪರಿಹಾರ ಅದು.

ಈಗ 1989ಕ್ಕೆ ಬರುವ. ಆ ವರ್ಷ ಏಪ್ರಿಲ್ 21ರಂದು ಜಪಾನಿನಲ್ಲಿ ಗೇಮ್ ಬಾಯ್ ಬಿಡುಗಡೆಯಾಯಿತು. ಬೆಲೆ 12,500 ಯೆನ್. ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಯಿತು, ಅಲ್ಲಿ ಸುಮಾರು 90 ಡಾಲರ್. ಯೊಕೊಯ್ ಮತ್ತು ಅವರ ಜೊತೆಗಾರ ಸತೊರು ಒಕಾಡ ಇವರ ತಂಡ ಅದನ್ನು ರೂಪಿಸಿತ್ತು. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ನಾಲ್ಕೇ ಛಾಯೆ. ಹಿಂದೆ ದೀಪವಿಲ್ಲ, ಕಿಟಕಿಯಿಂದ ಬಂದ ಬೆಳಕು ಗಾಜಿನ ಹಿಂದಿನ ಹಾಳೆಗೆ ಬಡಿದು ವಾಪಸು ಬಂದರೆ ಮಾತ್ರ ಚಿತ್ರ ಕಾಣುತ್ತದೆ. ಮೊದಲಿನ ಮಾದರಿಯ ಪರದೆ ಎಷ್ಟು ಮಂಕಾಗಿತ್ತೆಂದರೆ, ಸ್ವಲ್ಪ ಓರೆಯಾಗಿ ಹಿಡಿದರೆ ಏನೂ ಕಾಣುವುದಿಲ್ಲ ಎಂದು ಯಮೌಚಿ ಸಿಡುಕಿದ್ದರು. ಕೊನೆಗೆ ಬೇರೆ ಬಗೆಯ ಎಲ್‌ಸಿಡಿ ಹಾಕಿ ಪಾರಾದರು. ಆ ಎಲ್‌ಸಿಡಿ ಓರೆಯಿಂದಲೂ ಕಾಣುತ್ತಿತ್ತು, ಆದರೆ ನಿಧಾನ. ಓಡುವ ವಸ್ತುವಿನ ಹಿಂದೆ ಬಾಲದಂತೆ ನೆರಳು ಉಳಿಯುತ್ತಿತ್ತು.

ಇದರೊಳಗಿನ ಯಂತ್ರದ ಬಗ್ಗೆಯೂ ಒಂದು ಮಾತು. ಚಿಪ್ಪಿನ ವೇಗ ಸುಮಾರು 4 ಮೆಗಾಹರ್ಟ್ಸ್, ಕೆಲಸಕ್ಕೆ 8 ಕಿಲೋಬೈಟ್ ನೆನಪು, ಚಿತ್ರಕ್ಕೆ ಇನ್ನೊಂದು 8 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ನೂರಾರು ಪಟ್ಟು ದೊಡ್ಡದು. ಇಷ್ಟರಲ್ಲೇ ಚಿತ್ರ ಬಿಡಿಸುವುದು ಹೇಗೆ? ನೆಲಕ್ಕೆ ಹಂಚು ಹಾಸಿದಂತೆ. 8 ಚುಕ್ಕೆ ಅಗಲ, 8 ಚುಕ್ಕೆ ಉದ್ದದ ಒಂದು ಹಂಚು. ಗಣಿತದ ಮಕ್ಕಳು ಲೆಕ್ಕ ಹಾಕಿ: 160ನ್ನು 8ರಿಂದ ಭಾಗಿಸಿದರೆ 20, 144ನ್ನು ಭಾಗಿಸಿದರೆ 18. ಅಂದರೆ ಪರದೆ ತುಂಬಲು 360 ಹಂಚು ಸಾಕು. ಒಂದೇ ಹಂಚನ್ನು ನೂರು ಕಡೆ ಹಾಸಬಹುದು. ಯಂತ್ರಕ್ಕೆ ಪ್ರತಿ ಚುಕ್ಕೆಯನ್ನೂ ನೆನಪಿಟ್ಟುಕೊಳ್ಳುವ ಕರ್ಮವಿಲ್ಲ, ಎಲ್ಲಿ ಯಾವ ಹಂಚು ಎಂಬ ಪಟ್ಟಿ ಇದ್ದರೆ ಆಯಿತು.

ಎದುರಾಳಿಗಳನ್ನು ನೋಡಿದರೆ ಗೇಮ್ ಬಾಯ್ ಬಗ್ಗೆ ಅಯ್ಯೋ ಪಾಪ ಅನಿಸಬೇಕು. ಅದೇ 1989ರಲ್ಲಿ ಅಟಾರಿಯ ಲಿಂಕ್ಸ್ ಬಂತು. ಅಮಿಗ ಕಂಪ್ಯೂಟರ್ ರೂಪಿಸಿದ ಆರ್. ಜೆ. ಮೈಕಲ್ ಮತ್ತು ಡೇವ್ ನೀಡ್ಲ್ ಇದರ ಹಿಂದೆ ಇದ್ದರು. ಬಣ್ಣದ ಪರದೆ, ಚಿತ್ರವನ್ನು ಹತ್ತಿರ ದೂರ ಮಾಡಿ ತೋರಿಸುವ ಚಿಪ್ಪು, ಎಡಗೈಯವರು ತಿರುಗಿಸಿ ಹಿಡಿದು ಆಡುವ ಸೌಕರ್ಯ ಕೂಡ. ಬೆಲೆ ಸುಮಾರು 180 ಡಾಲರ್. 1990ರಲ್ಲಿ ಜಪಾನಿನಲ್ಲಿ ಸೇಗಾ ಗೇಮ್ ಗೇರ್ ಬಂತು. ಅಮೆರಿಕದಲ್ಲಿ 1991ರಲ್ಲಿ, ಸುಮಾರು 150 ಡಾಲರಿಗೆ. 4096 ಬಣ್ಣಗಳಿಂದ ಆರಿಸಿ 32 ಬಣ್ಣ ಒಟ್ಟಿಗೆ ತೋರಿಸುತ್ತಿತ್ತು. ಎನ್‌ಇಸಿ ಕಂಪನಿಯ ಟರ್ಬೊ ಎಕ್ಸ್‌ಪ್ರೆಸ್ ಅಂತೂ ಮನೆಯ ಟಿವಿಗೆ ಜೋಡಿಸುವ ಕನ್ಸೋಲಿನ ಆಟಗಳನ್ನೇ ಅಂಗೈಯಲ್ಲಿ ಆಡಿಸುತ್ತಿತ್ತು, ಬೆಲೆ ಸುಮಾರು 250 ಡಾಲರ್. ಸೇಗಾದವರು ಜಾಹೀರಾತುಗಳಲ್ಲಿ ಗೇಮ್ ಬಾಯ್‌ನ ಬಣ್ಣಗೇಡಿ ಪರದೆಯನ್ನು ಯಥೇಚ್ಛವಾಗಿ ಲೇವಡಿ ಮಾಡಿದರು.

ಎದುರಾಳಿ ಯಂತ್ರದ ಸುದ್ದಿ ಬಂದಾಗ ನಿಂಟೆಂಡೊದಲ್ಲಿ ಯೊಕೊಯ್ ಕೇಳಿದ ಮೊದಲ ಪ್ರಶ್ನೆ, ಅದರ ಪರದೆಗೆ ಬಣ್ಣ ಉಂಟೋ ಇಲ್ಲವೋ ಅಂತ. ಉಂಟು ಅಂದರು. ಹಾಗಾದರೆ ಹೆದರಬೇಕಾದ್ದಿಲ್ಲ ಅಂದರಂತೆ ಯೊಕೊಯ್! ಕೇಳಿದರೆ ತಮಾಷೆ. ಆದರೆ ಆ ಮಾತಿನ ಹಿಂದೆ ಲೆಕ್ಕ ಇತ್ತು.

ಆ ಕಾಲದ ಬಣ್ಣದ ಎಲ್‌ಸಿಡಿಗೆ ಹಿಂದೆ ದೀಪ ಬೇಕೇ ಬೇಕು. ದೀಪ ಅಂದರೆ ಇಂದಿನ ಎಲ್‌ಇಡಿ ಅಲ್ಲ, ನಮ್ಮ ಟ್ಯೂಬ್‌ಲೈಟಿನ ಮರಿಯಂಥದ್ದು. ಅದು ಕರೆಂಟು ಕುಡಿಯುತ್ತದೆ. ಗೇಮ್ ಗೇರ್‌ಗೆ ಆರು ಪೆನ್ಸಿಲ್ ಸೆಲ್ ಹಾಕಿದರೆ ಮೂರರಿಂದ ಐದು ಗಂಟೆ. ಲಿಂಕ್ಸ್ ಕೂಡ ಆರು ಸೆಲ್, ನಾಲ್ಕೈದು ಗಂಟೆ. ಗೇಮ್ ಬಾಯ್‌ಗೆ ನಾಲ್ಕು ಸೆಲ್ ಹಾಕಿದರೆ ಹದಿನೈದು ಗಂಟೆ ಆರಾಮಾಗಿ. ಒಬ್ಬ ಹುಡುಗ ಹದಿನೈದು ಗಂಟೆ ಆಡಬೇಕಾದರೆ ಗೇಮ್ ಬಾಯ್‌ನಲ್ಲಿ 4 ಸೆಲ್ ಸಾಕು, ಗೇಮ್ ಗೇರ್‌ನಲ್ಲಿ ಹದಿನೆಂಟರಿಂದ ಮೂವತ್ತು ಬೇಕು. ಸೆಲ್ಲಿಗೆ ದುಡ್ಡು ಕೊಡುವವರು ಯಾರು? ಅಪ್ಪ ಅಮ್ಮ. ಹೀಗಾಗಿ ಎಷ್ಟೋ ಮನೆಗಳಲ್ಲಿ ಗೇಮ್ ಗೇರ್ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ದನದಂತಾಯಿತು. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಯಂತ್ರ ಹಗ್ಗದಷ್ಟೇ ದೂರ! ಬೇಕಿದ್ದರೆ ಇದನ್ನು ಹೀಗೆ ಹೇಳಬಹುದು: ಸೇಗಾದ ಗ್ರಾಹಕ ಬಣ್ಣವನ್ನು ಒಂದು ಸಲ ಅಂಗಡಿಯಲ್ಲಿ ಕೊಂಡ, ಆಮೇಲೆ ಪ್ರತಿವಾರ ಸೆಲ್ಲಿನ ರೂಪದಲ್ಲಿ ಮತ್ತೆ ಮತ್ತೆ ಕೊಂಡ.

ಸೆಲ್ ಒಂದರಿಂದಲೇ ಯುದ್ಧ ಗೆದ್ದದ್ದು ಅಂತ ಹೇಳಿದರೆ ಅದು ಪೂರ್ತಿ ನಿಜವಲ್ಲ. ನಿಂಟೆಂಡೊ ಕೈಯಲ್ಲಿ ಆಟಗಳ ದೊಡ್ಡ ರಾಶಿಯೇ ಇತ್ತು, ಆಟ ತಯಾರಿಸುವ ಹೊರಗಿನ ಕಂಪನಿಗಳ ಮೇಲೆ ಬಿಗಿ ಹಿಡಿತವೂ ಇತ್ತು. ಮತ್ತೆ ಇನ್ನೊಂದು ವಸ್ತು ಇತ್ತು, ಟೆಟ್ರಿಸ್.

ಟೆಟ್ರಿಸ್‌ನ ಕಥೆ ಗ್ರಾಫಿಕ್ಸ್ ವಾದ ಮಾಡುವವರೆಲ್ಲ ಓದಬೇಕಾದ್ದು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೊವ್ ಇದನ್ನು ಬರೆದರು. ಅವರ ಮುಂದಿದ್ದದ್ದು ಎಲೆಕ್ಟ್ರಾನಿಕಾ 60 ಎಂಬ ಸೋವಿಯತ್ ಯಂತ್ರ. ಅದಕ್ಕೆ ಗ್ರಾಫಿಕ್ಸೇ ಇರಲಿಲ್ಲ! ಪರದೆಯ ಮೇಲೆ ಅಕ್ಷರ ಮಾತ್ರ ಬರುತ್ತಿತ್ತು. ಹಾಗಾಗಿ ಪಜಿತ್ನೊವ್ ಬರವಣಿಗೆಯಲ್ಲಿ ಬಳಸುವ ಆವರಣ ಚಿಹ್ನೆಗಳನ್ನು ಜೋಡಿಸಿ ಚೌಕ ಮಾಡಿದರು. ಜಗತ್ತಿನಲ್ಲಿ ಅತಿ ಹೆಚ್ಚು ಜನ ಆಡಿದ ಆಟಗಳಲ್ಲೊಂದು ಹುಟ್ಟಿದ್ದು ಒಂದು ಗೆರೆ ಎಳೆಯಲೂ ಆಗದ ಯಂತ್ರದಲ್ಲಿ.

ಹೆಂಕ್ ರಾಜರ್ಸ್ ಎಂಬ ವ್ಯಾಪಾರಿ 1989ರ ಆರಂಭದಲ್ಲಿ ಮಾಸ್ಕೋಗೆ ಹೋಗಿ, ಎಲೊರ್ಗ್ ಎಂಬ ಸರಕಾರಿ ಸಂಸ್ಥೆಯಿಂದ ಕೈಯಂತ್ರಗಳಲ್ಲಿ ಟೆಟ್ರಿಸ್ ಆಡಿಸುವ ಹಕ್ಕು ಪಡೆದುಕೊಂಡರು. ಗೇಮ್ ಬಾಯ್ ಜೊತೆ ಮಾರಿಯೊ ಆಟ ಕೊಟ್ಟರೆ ಚಿಕ್ಕ ಹುಡುಗರು ಕೊಳ್ಳುತ್ತಾರೆ, ಟೆಟ್ರಿಸ್ ಕೊಟ್ಟರೆ ಎಲ್ಲರೂ ಕೊಳ್ಳುತ್ತಾರೆ ಎಂದು ನಿಂಟೆಂಡೊ ಅಮೆರಿಕದ ಮುಖ್ಯಸ್ಥ ಮಿನೊರು ಅರಕಾವರಿಗೆ ಒಪ್ಪಿಸಿದವರೂ ಅವರೇ. ಹಾಗೆಯೇ ಆಯಿತು. ಅಮೆರಿಕದಲ್ಲಿ ಪ್ರತಿ ಗೇಮ್ ಬಾಯ್ ಪೆಟ್ಟಿಗೆಯಲ್ಲೂ ಟೆಟ್ರಿಸ್. ಒಟ್ಟು ಮೂರೂವರೆ ಕೋಟಿ ಪ್ರತಿಗಳು. ಪಜಿತ್ನೊವ್‌ಗೆ ಮಾತ್ರ ಆಗ ಇದರಲ್ಲಿ ರಾಯಧನ ಅಂತ ಏನೂ ಬರಲಿಲ್ಲ, ಹಕ್ಕು ಸೋವಿಯತ್ ಸರಕಾರದ್ದಾಗಿತ್ತು. 1996ರಲ್ಲಿ ರಾಜರ್ಸ್ ಜೊತೆ ಸೇರಿ ಟೆಟ್ರಿಸ್ ಕಂಪನಿ ಕಟ್ಟಿದ ಮೇಲೆಯೇ ಅವರಿಗೆ ಪಾಲು ಸಿಗಲು ಶುರುವಾದದ್ದು.

ಮತ್ತೆ ಆ ಹಂಚಿನ ಲೆಕ್ಕ ನೆನಪಿಸಿಕೊಳ್ಳಿ. ಗೇಮ್ ಬಾಯ್ ಟೆಟ್ರಿಸ್‌ನಲ್ಲಿ ಒಂದು ಚೌಕ ಅಂದರೆ ಒಂದು ಹಂಚು. ಬಾವಿಯ ಅಗಲ 10 ಚೌಕ, ಎತ್ತರ 18. ಪರದೆಯ ಎತ್ತರವೂ ಸರಿಯಾಗಿ 18 ಹಂಚು! ಬೇರೆ ಕಡೆ ಸಾಮಾನ್ಯವಾಗಿ 20 ಇರುವುದನ್ನು ಇಲ್ಲಿ ಪರದೆಗೆ ತಕ್ಕ ಹಾಗೆ ಎರಡು ಸಾಲು ಕಡಿಮೆ ಮಾಡಿದ್ದಾರೆ. ಬೀಳುವ ತುಂಡು ಹಂಚಿನಿಂದ ಹಂಚಿಗೆ ಹಾರುವುದರಿಂದ ಆ ನಿಧಾನ ಪರದೆಯ ಬಾಲ ಕಣ್ಣಿಗೆ ಅಷ್ಟು ಚುಚ್ಚುವುದೂ ಇಲ್ಲ. ಬಣ್ಣ ಇಲ್ಲದಿದ್ದರೂ ನಷ್ಟವಿಲ್ಲ, ಒಂದೊಂದು ತುಂಡಿಗೆ ಒಂದೊಂದು ನಮೂನೆ ಕೊಟ್ಟಿದ್ದರು. ಆ ಯಂತ್ರದ ಬಡತನ ಈ ಆಟದಲ್ಲಿ ಕಾಣುವುದೇ ಇಲ್ಲ.

1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವಾಗ ಗೇಮ್ ಬಾಯ್ ಮತ್ತು ಟೆಟ್ರಿಸ್ ಒಯ್ದಿದ್ದರು. ಕೊಲ್ಲಿ ಯುದ್ಧದ ಸಮಯ ಸುಟ್ಟು ಕರಕಲಾದ ಇನ್ನೊಂದು ಗೇಮ್ ಬಾಯ್, ಪ್ಲಾಸ್ಟಿಕ್ ಕರಗಿ ಉಬ್ಬಿದ್ದರೂ ಟೆಟ್ರಿಸ್ ತೋರಿಸುತ್ತಾ ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಎಷ್ಟೋ ವರ್ಷ ಪ್ರದರ್ಶನಕ್ಕಿತ್ತು. ಒಣಗಿದ ಮರ ಅಂದದ್ದು ಸುಮ್ಮನೆ ಅಲ್ಲ.

ನಮ್ಮ ಕಾಸರಗೋಡು ಕಡೆ ಗೇಮ್ ಬಾಯ್ ಕಂಡವರು ಕಡಿಮೆ. ತೊಂಬತ್ತರ ದಶಕದಲ್ಲಿ ಇಲ್ಲಿ ಮನೆಮನೆಗೆ ಬಂದದ್ದು ಅದರ ಬಡ ನೆಂಟ, 'ಬ್ರಿಕ್ ಗೇಮ್'. ಗಲ್ಫಿನಿಂದ ರಜೆಯಲ್ಲಿ ಬರುವ ಮಾವಂದಿರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚುಗಳ ಜೊತೆ ಅದೂ ಇರುತ್ತಿತ್ತು. ಆಮೇಲೆ ಜಾತ್ರೆಯ ಸಂತೆಗಳಲ್ಲೂ ಸಿಗತೊಡಗಿತು. ಮೇಲೆ 9999 ಆಟ ಎಂದು ಬರೆದಿರುತ್ತಿತ್ತು, ಒಳಗೆ ಎಣಿಸಿದರೆ ಹತ್ತಿಪ್ಪತ್ತು. ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳ ಪರದೆ. ಅಷ್ಟೇ ಚೌಕಗಳಲ್ಲಿ ಟೆಟ್ರಿಸ್, ಕಾರ್ ರೇಸ್, ಹಾವು, ಟ್ಯಾಂಕು ಎಲ್ಲ! ನಾಲ್ಕು ಚೌಕ ಹೀಗಿದ್ದರೆ ಕಾರು, ಹಾಗಿದ್ದರೆ ಟ್ಯಾಂಕು ಅಂತ ಮಕ್ಕಳು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿದ್ದರು. ಅದು ಅಗ್ಗವಾಗಿದ್ದದ್ದಕ್ಕೆ ಕಾರಣ ಅದೇ ಕ್ಯಾಲ್ಕುಲೇಟರ್ ಪರದೆ. ನಿಂಟೆಂಡೊಗೆ ಇದರಿಂದ ಒಂದು ಕಾಸೂ ಹೋಗಿರಲಿಕ್ಕಿಲ್ಲ, ಆದರೆ ಯೊಕೊಯ್ ತರ್ಕ ನಮ್ಮ ಅಡಕೆ ತೋಟದ ಮನೆಗಳವರೆಗೆ ಬಂದು ಮುಟ್ಟಿದ್ದು ಹಾಗೆ.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. 1995ರ ಜುಲೈನಲ್ಲಿ ಯೊಕೊಯ್ ಅವರ 'ವರ್ಚುವಲ್ ಬಾಯ್' ಬಂತು. ಮೇಜಿನ ಮೇಲೆ ಕಾಲು ಊರಿ ನಿಲ್ಲುವ ದೊಡ್ಡ ಕನ್ನಡಕದಂಥ ಯಂತ್ರ. ಮುಖ ಒಳಗಿಟ್ಟು ನೋಡಿದರೆ ಆಳ ಇರುವ ಚಿತ್ರ, ಎರಡು ಕಣ್ಣಿಗೆ ಎರಡು ನೋಟ. ಇಲ್ಲೂ ಒಣಗಿದ ಮರವೇ: ಕೆಂಪು ಎಲ್‌ಇಡಿ ಅಗ್ಗ, ನೀಲಿ ಎಲ್‌ಇಡಿ ಆಗಷ್ಟೇ ಹೊರಬಂದು ಬೆಲೆ ಆಕಾಶದಲ್ಲಿತ್ತು. ಆದ್ದರಿಂದ ಇಡೀ ಲೋಕ ಕಪ್ಪಿನ ಮೇಲೆ ಕೆಂಪು. ಇಲ್ಲಿ ಲೆಕ್ಕ ತಪ್ಪಿತು. ತಲೆನೋವು, ಕಣ್ಣುನೋವು ಎಂದು ಜನ ದೂರಿದರು. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ ಎಂಬ ಎಚ್ಚರಿಕೆ ಪೆಟ್ಟಿಗೆಯ ಜೊತೆಗೇ ಬಂತು. ಒಬ್ಬ ಆಡುವಾಗ ಪಕ್ಕದವನಿಗೆ ಏನೂ ಕಾಣುವುದಿಲ್ಲ. ಸುಮಾರು ಏಳೂ ಮುಕ್ಕಾಲು ಲಕ್ಷ ಯಂತ್ರ ಮಾರಿ, ಒಂದು ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚಿತು. ಅಗ್ಗದ, ಪಳಗಿದ ವಸ್ತು ಅಂದಮಾತ್ರಕ್ಕೆ ಎಲ್ಲ ಕಡೆ ನಡೆಯುವುದಿಲ್ಲ. ಗೇಮ್ ಬಾಯ್‌ನಲ್ಲಿ ಯೊಕೊಯ್ ಬಿಟ್ಟುಕೊಟ್ಟದ್ದು ಬಣ್ಣವನ್ನು, ಇಲ್ಲಿ ಬಿಟ್ಟುಕೊಟ್ಟದ್ದು ಆಡುವವನ ಕಣ್ಣಿನ ಸುಖವನ್ನು. ಎರಡೂ ಒಂದೇ ತೂಕದ್ದಲ್ಲವಲ್ಲ.

1996ರ ಫೆಬ್ರವರಿಯಲ್ಲಿ, ಎಲ್ಲರೂ ಗೇಮ್ ಬಾಯ್ ಕಾಲ ಮುಗಿಯಿತು ಅನ್ನುತ್ತಿದ್ದಾಗ ಪೋಕೆಮಾನ್ ಬಂತು. ಬಾಲ್ಯದಲ್ಲಿ ಹುಳು ಹುಪ್ಪಟೆ ಹಿಡಿದು ಡಬ್ಬಿಯಲ್ಲಿ ಸಾಕುತ್ತಿದ್ದ ಸತೊಶಿ ತಜಿರಿ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿ ನೋಡಿ ಅದರ ಮೂಲಕ ಹುಳು ಹರಿದು ಹೋಗುವುದನ್ನು ಕಲ್ಪಿಸಿಕೊಂಡವರು. ಏಳು ವರ್ಷ ಹಳೆಯ, ನಾಲ್ಕು ಛಾಯೆಯ ಯಂತ್ರದ ಮೇಲೆ ಜಗತ್ತಿನ ಅತಿ ದೊಡ್ಡ ಮನರಂಜನಾ ಸರಣಿಗಳಲ್ಲೊಂದು ಶುರುವಾಯಿತು. ಆ ಯಂತ್ರವೂ 1998ರ ಬಣ್ಣದ ಆವೃತ್ತಿಯೂ ಸೇರಿ ಕೊನೆಗೆ 11 ಕೋಟಿ 86 ಲಕ್ಷ ದಾಟಿದವು. ಗೇಮ್ ಗೇರ್ ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತ್ತು.

ಯೊಕೊಯ್ 1996ರ ಆಗಸ್ಟಿನಲ್ಲಿ ನಿಂಟೆಂಡೊ ಬಿಟ್ಟರು. ವರ್ಚುವಲ್ ಬಾಯ್ ಸೋಲಿನ ಶಿಕ್ಷೆ ಅದು ಅಂತ ಹೇಳುವವರು ಬಹಳ. ಸ್ವಂತ ಕೆಲಸ ಮಾಡಬೇಕೆಂದು ಮೊದಲೇ ಯೋಚಿಸಿದ್ದೆ ಎನ್ನುವುದು ಅವರ ಮಾತು. ಹೊರಡುವ ಮೊದಲು ಸಣ್ಣ ಗಾತ್ರದ, ಸ್ಪಷ್ಟ ಪರದೆಯ ಗೇಮ್ ಬಾಯ್ ಪಾಕೆಟ್ ಮುಗಿಸಿಕೊಟ್ಟರು. ಕೊಟೊ ಎಂಬ ಪುಟ್ಟ ಕಂಪನಿ ಕಟ್ಟಿ ಬಂದಾಯಿ ಅವರಿಗಾಗಿ ಹೊಸ ಕೈಯಂತ್ರ ರೂಪಿಸತೊಡಗಿದರು. 1997ರ ಅಕ್ಟೋಬರ್ 4ರಂದು ಇಶಿಕಾವ ಪ್ರಾಂತದ ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡರು. ವಯಸ್ಸು 56. ಆ ಯಂತ್ರ, ವಂಡರ್‌ಸ್ವಾನ್, 1999ರ ಮಾರ್ಚಿನಲ್ಲಿ ಬಂತು. ಬೆಲೆ 4,800 ಯೆನ್. ಕಪ್ಪು ಬಿಳುಪು ಪರದೆ. ಒಂದೇ ಒಂದು ಪೆನ್ಸಿಲ್ ಸೆಲ್ ಹಾಕಿದರೆ ಮೂವತ್ತು ಗಂಟೆ! ಅದರ ಜೊತೆ ಬಂದ ಒಂದು ಒಗಟಿನ ಆಟಕ್ಕೆ 'ಗುನ್‌ಪೇ' ಎಂದೇ ಹೆಸರಿಟ್ಟಿದ್ದರು.

ಅವರು ಹೋದ ಮೇಲೂ ವಾದ ಮುಗಿಯಲಿಲ್ಲ. 2004ರ ಕೊನೆಯಲ್ಲಿ ನಿಂಟೆಂಡೊ ಡಿಎಸ್ ಮತ್ತು ಸೋನಿ ಪಿಎಸ್‌ಪಿ ಕೆಲವೇ ದಿನಗಳ ಅಂತರದಲ್ಲಿ ಎದುರಾದವು. ಪಿಎಸ್‌ಪಿ ಪರದೆ 480 ಅಡ್ಡ, 272 ಉದ್ದ. ಆ ಕಾಲಕ್ಕೆ ಅದನ್ನು ಕೈಯಲ್ಲಿ ಹಿಡಿದರೆ ಸಿನೆಮಾ ಥಿಯೇಟರ್ ಹಿಡಿದಂತಿತ್ತು, ನನಗೆ ಇಂದಿಗೂ ಅದರ ಮೇಲೆ ಮೋಹ. ಡಿಎಸ್‌ನ ಎರಡು ಪರದೆಗಳೂ 256ಕ್ಕೆ 192. ಆದರೆ ಕೆಳಗಿನದ್ದನ್ನು ಮುಟ್ಟಿ ಆಡಬಹುದಿತ್ತು. ಮೆದುಳಿಗೆ ಕಸರತ್ತು ಕೊಡುವ ಲೆಕ್ಕದ ಆಟ, ನಾಯಿಮರಿ ಸಾಕುವ ಆಟ ಇವೆಲ್ಲ ಗೇಮ್ ಮುಟ್ಟದವರ ಕೈಗೂ ಅದನ್ನು ಕೊಟ್ಟವು. ಡಿಎಸ್ 15 ಕೋಟಿ 40 ಲಕ್ಷ, ಪಿಎಸ್‌ಪಿ ಸುಮಾರು 8 ಕೋಟಿ. ಎಂಟು ಕೋಟಿ ಮಾರಿದ್ದನ್ನು ಸೋಲು ಅನ್ನಲಾಗದು. ಪಿಎಸ್‌ಪಿ ನಿಜವಾಗಿಯೂ ಒಳ್ಳೆಯ ಯಂತ್ರ. 2006ರಲ್ಲಿ ಮನೆಯ ಕನ್ಸೋಲಿನಲ್ಲೂ ಇದೇ ಪುನರಾವರ್ತನೆ. ಪ್ಲೇಸ್ಟೇಷನ್ 3 ಐನೂರು ಆರುನೂರು ಡಾಲರಿಗೆ, ಕೈಬೀಸಿ ಆಡುವ ವೀ 250ಕ್ಕೆ.

ಗ್ರಾಫಿಕ್ಸ್ ಅಂದರೆ ಯಂತ್ರದ ಶಕ್ತಿ ಮಾತ್ರವೇ ಎಂಬ ಇನ್ನೊಂದು ಪ್ರಶ್ನೆಯೂ ಉಂಟು. 2000ದಲ್ಲಿ ನಿಂಟೆಂಡೊ ಒಂದು ಪ್ರದರ್ಶನದಲ್ಲಿ ಗೇಮ್‌ಕ್ಯೂಬ್ ಕನ್ಸೋಲಿನ ಜೆಲ್ಡಾ ತುಣುಕನ್ನು ನಿಜಮನುಷ್ಯರಂಥ ರೂಪದಲ್ಲಿ ತೋರಿಸಿತು. ಮರುವರ್ಷ ಅದೇ ನಾಯಕ ವ್ಯಂಗ್ಯಚಿತ್ರದ ಪೋರನಾಗಿ ಬಂದ. ಅಭಿಮಾನಿಗಳು ಬೊಬ್ಬೆ ಹೊಡೆದರು. 2002ರ ಕೊನೆಯಲ್ಲಿ ಬಂದ ಆ 'ವಿಂಡ್ ವೇಕರ್' ಆಟವನ್ನು ಈಗ ನೋಡಿದರೆ ನಿನ್ನೆ ಬಿಡಿಸಿದಂತಿದೆ. 2006ರಲ್ಲಿ ಅಭಿಮಾನಿಗಳು ಕೇಳಿದ ಹಾಗೆಯೇ ನಿಜದಂತೆ ಮಾಡಿದ 'ಟ್ವೈಲೈಟ್ ಪ್ರಿನ್ಸೆಸ್' ನೋಡಿ, ಮುಖಗಳೆಲ್ಲ ಮಣ್ಣಿನ ಗೊಂಬೆ. ನಿಜದಂತೆ ಕಾಣಬೇಕು ಅಂತ ಹೊರಟ ಚಿತ್ರಕ್ಕೆ ಮುಂದಿನ ವರ್ಷದ ಯಂತ್ರವೇ ಶತ್ರು.

ಈಗಿನ ಮಕ್ಕಳ ಜಗಳ ಫೋನಿನ ಮೇಲೆ. ಒಬ್ಬನ ಫೋನಿನಲ್ಲಿ ಗ್ರಾಫಿಕ್ಸ್ ಅಲ್ಟ್ರಾ ಹಾಕಿದರೂ ಓಡುತ್ತದೆ, ಇನ್ನೊಬ್ಬನದ್ದು ಅಪ್ಪನ ಹಳೆಯ ಫೋನು, ಲೋ ಹಾಕಿದರೂ ತಡವರಿಸಿ ಬಿಸಿಯಾಗುತ್ತದೆ. "ನಿನ್ನದು ಎಂತ ಫೋನೋ ಮಾರಾಯ" ಎಂಬ ಮಾತು ಶಾಲೆಯ ಜಗಲಿಯಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಎದುರಾಳಿ ಮರದ ಹಿಂದೆ ಅಡಗಿದ್ದು ಒಬ್ಬನಿಗೆ ಕಾಣುತ್ತದೆ, ಇನ್ನೊಬ್ಬನ ಪರದೆ ಆ ಹೊತ್ತಿಗೆ ನಿಂತುಬಿಟ್ಟಿರುತ್ತದೆ. ಸೋತವನ ಕೈಚಳಕದಲ್ಲಿ ಏನೂ ಕೊರತೆ ಇರುವುದಿಲ್ಲ. ಬ್ರಿಕ್ ಗೇಮ್ ಕಾಲದಲ್ಲಿ ಈ ತಾರತಮ್ಯ ಇರಲಿಲ್ಲ, ಗಲ್ಫ್ ಮಾವ ಇದ್ದವನಿಗೂ ಇಲ್ಲದವನಿಗೂ ಇನ್ನೂರು ಚೌಕವೇ.

ಹಾಗಂತ ಗ್ರಾಫಿಕ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಬಣ್ಣ ಕೊನೆಗೂ ಬಂತು, ದೀಪವೂ ಬಂತು, ಯಾರೂ ಹಳದಿ ಹಸಿರು ಪರದೆಗೆ ವಾಪಸು ಹೋಗಲಿಲ್ಲ. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ದೀಪ ಹಾಕದೆ ನಿಂಟೆಂಡೊ ಎರಡು ವರ್ಷ ಬೈಸಿಕೊಂಡಿತು, 2003ರಲ್ಲಿ ಹಾಕಿತು. 2017ರ ಸ್ವಿಚ್‌ನಲ್ಲಿ ಎರಡು ವರ್ಷ ಹಿಂದೆಯೇ ಹೊರಬಂದಿದ್ದ ಎನ್‌ವಿಡಿಯಾದ ಟೆಗ್ರಾ ಎಕ್ಸ್1 ಚಿಪ್ಪನ್ನು ಹಾಕಿದರು, ಅದೇ ಯಂತ್ರ ಹದಿನೈದು ಕೋಟಿ ದಾಟಿತು. 2022ರಲ್ಲಿ ಪ್ಯಾನಿಕ್ ಎಂಬ ಅಮೆರಿಕದ ಸಣ್ಣ ಕಂಪನಿ ಪ್ಲೇಡೇಟ್ ಎಂಬ ಕೈಯಂತ್ರ ತಂದಿತು. ಹಳದಿ ಡಬ್ಬಿ, ಬದಿಯಲ್ಲಿ ತಿರುಗಿಸುವ ಹಿಡಿ, ದೀಪವಿಲ್ಲದ ಪರದೆ. ಗೇಮ್ ಬಾಯ್‌ಗೆ ನಾಲ್ಕಾದರೂ ಛಾಯೆ ಇತ್ತು. ಇದಕ್ಕೆ ಎರಡೇ, ಕಪ್ಪು ಮತ್ತು ಬಿಳಿ.

ಸ್ವಿಚ್ 2 ಬಂದ ನಾಲ್ಕು ದಿನಗಳಲ್ಲಿ 35 ಲಕ್ಷ ಖರ್ಚಾಯಿತು. 450 ಡಾಲರ್, 7.9 ಇಂಚಿನ ಪರದೆ, ಅಡ್ಡಕ್ಕೆ 1920 ಚುಕ್ಕೆ, ಉದ್ದಕ್ಕೆ 1080. ಚಿಪ್ಪು ಕಡಿಮೆ ಚುಕ್ಕೆಗಳ ಚಿತ್ರ ಬಿಡಿಸಿದರೂ ಉಳಿದ ಚುಕ್ಕೆಗಳನ್ನು ಊಹಿಸಿ ತುಂಬುವ ಉಪಾಯವೂ ಉಂಟು. ವೀಡಿಯೊಗಳಲ್ಲಿ ನೋಡಿದರೆ ನೀರು, ಬಿಸಿಲು, ಹುಲ್ಲು ಎಲ್ಲ ಚೆಂದ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕಂಪನಿಯ ಪಟ್ಟಿಯಲ್ಲಿ ಹುಡುಕಿದೆ. ಎರಡರಿಂದ ಆರೂವರೆ ಗಂಟೆ ಎಂದು ಬರೆದಿದ್ದಾರೆ.